ವರ್ಷಕ್ಕೆರಡು ಅಡಿ ಆಳವಾದ ಬಾವಿ

ಗಡಿನಾಡಿನ ಸೋನ್ಯಾಳದ ಪುಟ್ಟ ಚರ್ಚಿನಲ್ಲಿ ಹಾಡು ಮರಾಠಿಯಲ್ಲಿ, ಪ್ರಾರ್ಥನೆ ಕನ್ನಡದಲ್ಲಿ, ಜಗಳ ಎರಡರಲ್ಲೂ ನಡೆಯುತ್ತಿದ್ದವು. ತಿಂಗಳ ಮೊದಲ ಭಾನುವಾರ ಮಾತ್ರ ಜಗಳಕ್ಕೆ ಪುರುಸೊತ್ತು ಸಿಗುತ್ತಿರಲಿಲ್ಲ. ಅಂದು ಅಪ್ಪಾಸಾಬ ಸಾಕ್ಷಿ ಹೇಳುತ್ತಿದ್ದ.

ಸಾಕ್ಷಿ ಎಂದರೆ ಕೋರ್ಟಿನ ಸಾಕ್ಷಿಯಲ್ಲ. ದೇವರು ತನ್ನ ಬಾಳಿನಲ್ಲಿ ಏನು ಮಾಡಿದನೆಂದು ಸಭೆಯ ಮುಂದೆ ನಿಂತು ಹೇಳುವುದು. ಕೋರ್ಟಿನಲ್ಲಾದರೆ ಎದುರಿನ ವಕೀಲ ಎದ್ದು ಅಡ್ಡಪ್ರಶ್ನೆ ಕೇಳುತ್ತಾನೆ. ಚರ್ಚಿನಲ್ಲಿ ಆ ಪದ್ಧತಿ ಇಲ್ಲ. ಅಪ್ಪಾಸಾಬನ ಸಾಕ್ಷಿ ಇಪ್ಪತ್ತನಾಲ್ಕು ವರ್ಷ ಸುಖವಾಗಿ ಬಾಳಿದ್ದು ಅದರಿಂದಲೇ.

ಕಥೆ ಸಣ್ಣದು. ಅಪ್ಪಾಸಾಬ ಹುಟ್ಟಿನಿಂದ ಚರ್ಚಿನವನಾದರೂ ಆಗೆಲ್ಲ ಕ್ರಿಸ್ಮಸ್ಸಿನ ಊಟಕ್ಕೆ ಮಾತ್ರ ಅಲ್ಲಿಗೆ ಬರುತ್ತಿದ್ದ, ಉಳಿದ ದಿನ ಕುಡಿಯುತ್ತಿದ್ದ. ಒಂದು ಬೇಸಿಗೆಯಲ್ಲಿ ಜತ್ತಿನ ಸಂತೆ ಮುಗಿಸಿ ಹಾಡಹಗಲೇ ತೂರಾಡುತ್ತ ಬರುವಾಗ ದಾರಿ ಬದಿಯ ಬಾವಿಗೆ ಬಿದ್ದ. ಬಿದ್ದಲ್ಲಿಂದ ಕರ್ತನನ್ನು ಕೂಗಿದ. ಕರ್ತನು ಕೈ ನೀಡಿ ಮೇಲೆತ್ತಿದ. ಅಂದಿನಿಂದ ಅಪ್ಪಾಸಾಬ ಒಂದು ಹನಿ ಮುಟ್ಟಿಲ್ಲ. ಇಷ್ಟನ್ನು ಹೇಳಲು ಎರಡು ನಿಮಿಷ ಸಾಕು. ಅಪ್ಪಾಸಾಬನಿಗೆ ಇಪ್ಪತ್ತೈದು ನಿಮಿಷ ಬೇಕಾಗುತ್ತಿತ್ತು.

ಮೊದಲ ವರ್ಷ ಹೇಳಿದಾಗ ಬಾವಿ ಎರಡಾಳು ಆಳವಿತ್ತು. ಆಮೇಲೆ ಯಾವ ಸರ್ಕಾರಿ ಯೋಜನೆಯೂ ಬಾರದೆ, ಒಂದು ಗುದ್ದಲಿ ಪೆಟ್ಟೂ ಬೀಳದೆ, ಅದು ವರ್ಷಕ್ಕೆರಡು ಅಡಿಯಂತೆ ಆಳವಾಗುತ್ತ ಬಂದು ಈಗ ಅರವತ್ತು ಅಡಿಗೆ ನಿಂತಿತ್ತು. ಸೊಂಟದವರೆಗೆ ಇದ್ದ ನೀರು ತಲೆಯ ಮೇಲೆ ಹೋಗಿತ್ತು. ಮೊದಮೊದಲು ಆ ಬಾವಿಯಲ್ಲಿ ಕಪ್ಪೆಗಳು ಮಾತ್ರ ಇದ್ದವು. ಹನ್ನೊಂದನೆಯ ವರ್ಷ ಒಂದು ಹಾವು ಸೇರಿಕೊಂಡಿತು. ಹಾವು ಬಂದ ಮೇಲೆ ಹೆಂಗಸರು ಕಣ್ಣೊರೆಸಿಕೊಳ್ಳುವುದು ಜಾಸ್ತಿಯಾದ್ದರಿಂದ ಅದು ಅಲ್ಲೇ ಉಳಿಯಿತು.

ಅಪ್ಪಾಸಾಬ ಸುಳ್ಳುಗಾರನಲ್ಲ. ಹಾಲಿಗೆ ನೀರು ಬೆರೆಸಿದವನಲ್ಲ, ಹೊಲದ ಬದು ಸರಿಸಿದವನಲ್ಲ. ಹೇಳುವಾಗ ಕಣ್ಣ ಮುಂದೆ ಆ ಬಾವಿ ಅಷ್ಟೇ ಆಳವಾಗಿ ಕಾಣುತ್ತಿತ್ತು, ಅವನೇನು ಮಾಡಿಯಾನು?

ಆ ಒಂದು ಸಾಕ್ಷಿ ಅವನಿಗೆ ಭಾಳ ಕೊಟ್ಟಿತ್ತು. ಅದರಿಂದಲೇ ಅವನು ಸಭೆಯ ಹಿರಿಯನಾದ. ಉಳಿದವರೆಲ್ಲ ಜಮಖಾನೆಯ ಮೇಲೆ ಕೂತರೆ ಅವನಿಗೆ ಮುಂದೆ ಪ್ಲಾಸ್ಟಿಕ್ ಕುರ್ಚಿ, ಅದಕ್ಕೆ ಕೈಗಳೂ ಇದ್ದವು. ಕುಡಿತ ಬಿಟ್ಟ ಹೊಸತರಲ್ಲಿ ಅವನು ಬೆಳುಂಕಿಯವರೆಗೆ ನಡೆದುಕೊಂಡು ಹೋಗಿ ಜ್ವರದವರ ಪಕ್ಕ ಕೂತು ಪ್ರಾರ್ಥಿಸಿ ಬರುತ್ತಿದ್ದ. ಕುಡಿಯುವವರ ಮನೆಗೆ ಹೋಗಿ ಬೈಸಿಕೊಂಡು ಬರುತ್ತಿದ್ದ. ಆಮೇಲೆ ಅವೆಲ್ಲ ಒಂದೊಂದಾಗಿ ನಿಂತವು. ನಿಂತದ್ದು ಅವನಿಗೆ ಗೊತ್ತೂ ಆಗಲಿಲ್ಲ. ದೇವರು ತನಗೆ ಮಾಡಬೇಕಾದ್ದನ್ನು ಮಾಡಿಯಾಗಿದೆ, ತಾನು ಅದನ್ನು ತಿಂಗಳಿಗೊಮ್ಮೆ ಹೇಳಿಯಾಗುತ್ತದೆ, ಇಬ್ಬರ ಲೆಕ್ಕವೂ ಚೊಕ್ಕ ಎಂದುಕೊಂಡು ಕುರ್ಚಿಯ ಕೈಗಳ ಮೇಲೆ ಕೈಯಿಟ್ಟು ಕೂತಿದ್ದ.

ಇಷ್ಟಕ್ಕೇ ಮುಗಿದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಚರ್ಚಿನ ಮಾಳಿಗೆಯ ಮೇಲೆ ಒಂದು ಭೋಂಗಾ ಇತ್ತು. ಆ ಕಡೆ ಲೌಡ್‌ಸ್ಪೀಕರಿಗೆ ಭೋಂಗಾ ಎನ್ನುತ್ತಾರೆ. ಅದರ ಬಾಯಿ ಇದ್ದದ್ದು ಕುರಿಗಾರ ಗುರಪ್ಪನ ಅಂಗಳದ ಕಡೆಗೆ. ಚರ್ಚಿನ ಬಾಗಿಲಿನಿಂದ ಗುರಪ್ಪನ ಮನೆಗೆ ಇಪ್ಪತ್ತು ಹೆಜ್ಜೆ. ಕುರಿಗಾರರ ದೇವರು ಬೀರೋಬಾನ ಭಕ್ತ ಗುರಪ್ಪ ಚರ್ಚಿನ ಹೊಸ್ತಿಲು ತುಳಿದವನಲ್ಲ, ಆದರೆ ಸಾಕ್ಷಿಯನ್ನು ಸಭೆಯವರಿಗಿಂತ ಸ್ಪಷ್ಟವಾಗಿ ಕೇಳುತ್ತಿದ್ದ. ಅದರಲ್ಲಿ ಅವನ ಹೆಸರೂ ಬರುತ್ತಿತ್ತು. 'ನನ್ನನ್ನು ಹಾಳು ಮಾಡಿದ ಗೆಳೆಯನ ಹೆಸರು ಹೇಳೋದಿಲ್ಲ, ಕುರಿ ಕಾಯೋ ಗುರಪ್ಪ' ಎಂದು ಅಪ್ಪಾಸಾಬ ಪ್ರತಿ ಸಲ ಹೇಳುತ್ತಿದ್ದ.

ಆ ವರ್ಷ ಜನವರಿಯ ಮೊದಲ ಭಾನುವಾರ ಅಪ್ಪಾಸಾಬನ ಗಂಟಲು ಕಟ್ಟಿತು. ಹೊಲದಲ್ಲಿ ಜೋಳದ ತೆನೆಗೆ ಬಂದ ಹಕ್ಕಿಗಳನ್ನು ವಾರವಿಡೀ ಕೂಗಿ ಓಡಿಸಿದ್ದಕ್ಕೆ ದನಿ ಪೂರಾ ಹೋಗಿತ್ತು. ಸಭೆಯ ಪಾಸ್ಟರ್ ಅನಿಲ, ಬಂದು ಒಂದೂವರೆ ವರ್ಷವಾಗಿದ್ದ ಮೂವತ್ತರ ಹರೆಯದವನು, "ಇವತ್ತ ಹಿರೇರಿಗೆ ಗಂಟಲ ಬ್ಯಾನಿ. ಮುಂದಿನ ತಿಂಗಳ ಕೇಳೂಣು" ಎಂದ. ಅವನ ಮುಖದಲ್ಲಿ ದುಃಖವೇನೂ ಕಾಣಲಿಲ್ಲ.

ಆಗ ಹೆಂಗಸರ ಕಡೆಯಿಂದ ಯಮನವ್ವ ಎದ್ದಳು.

ಯಮನವ್ವನಿಗೆ ಎಂಬತ್ತು ದಾಟಿತ್ತು. ಸಭೆಯಲ್ಲಿ ಎಲ್ಲರಿಗಿಂತ ಹಳಬಳು. ಅವಳ ಕಿವಿ ಹೋಗಿ ಇಪ್ಪತ್ತು ವರ್ಷವೇ ಆಗಿತ್ತು. ಆದರೂ ಒಂದು ಭಾನುವಾರ ತಪ್ಪಿಸಿದವಳಲ್ಲ. ಎಲ್ಲರೂ ಕಣ್ಣು ಮುಚ್ಚಿದಾಗ ಮುಚ್ಚುತ್ತಿದ್ದಳು, ಎದ್ದಾಗ ಏಳುತ್ತಿದ್ದಳು.

"ಏನಂದ?" ಎಂದು ಪಕ್ಕದವಳನ್ನು ಕೇಳಿದಳು. ಪಕ್ಕದವಳು ಗಂಟಲು ಮುಟ್ಟಿ ತೋರಿಸಿದಳು. "ಹಂಗಂತ ಸಾಕ್ಷಿ ಬಿಡಾಕ ಬರ್ತದೇನ? ನನಗ ಬರ್ತದ, ನಾ ಹೇಳ್ತೀನಿ" ಎಂದು ಯಮನವ್ವ ಸೀದಾ ಮೈಕಿನ ಮುಂದೆ ಹೋಗಿ ನಿಂತಳು. ಅಪ್ಪಾಸಾಬ ಒಪ್ಪಿಗೆ ಕೊಟ್ಟವನಂತೆ ತಲೆ ಆಡಿಸಿದ. ತನ್ನ ಸಾಕ್ಷಿ ಜನಕ್ಕೆ ಇಷ್ಟು ಬಾಯಿಪಾಠವಾಗಿದೆಯಲ್ಲ ಎಂದು ಅವನಿಗೆ ಸಂತೋಷವೇ ಆಗಿತ್ತು.

"ನಮ್ಮ ಅಪ್ಪಾಸಾಬ ಆ ದಿನಾ ಭಾಳ ಕುಡದಿದ್ದ" ಎಂದು ಯಮನವ್ವ ಶುರು ಮಾಡಿದಳು. "ತಾ ಕುಡದಿದ್ದಲ್ದ ಆ ಕುರಿ ಗುರಪ್ಪಗೂ ಕುಡಸಾಕ ಹ್ವಾದ. ಗುರಪ್ಪ ಒಲ್ಲೆ ಅಂದ. ಕುರಿ ಬೆನ್ನಿಗದಾವ, ನಾ ಕುಡದ್ರ ಇವನ್ನ ಯಾರ ನೋಡ್ಬೇಕು ಅಂದ. ಇಂವ ಸಿಟ್ಟಿಗೆದ್ದು ಹಿಂದಕ್ಕ ಸರಿಯೂದರಾಗ ಬಾವ್ಯಾಗ ಬಿದ್ದ. ಬಾವಿ ಎರಡಾಳು. ನೀರ ಟೊಂಕದ ಮಟ ಇತ್ತು. ಕಾಲ ಉಳುಕಿತ್ತು, ಹತ್ತಾಕ ಬರಲಿಲ್ಲ. ಯೇಸಪ್ಪಾ ಅಂತ ಅಳಾಕ ಹತ್ತಿದ."

ಸಭೆಯಲ್ಲಿ ಒಂದಿಬ್ಬರು ತಲೆ ಎತ್ತಿದರು.

"ಗುರಪ್ಪ ತನ್ನ ತಲೀ ಮ್ಯಾಲಿನ ಪಟಕಾ ಬಿಚ್ಚಿ ಕೆಳಗ ಬಿಟ್ಟ. ಇಂವ ಅದನ್ನ ಹಿಡಕೊಂಡು ಮ್ಯಾಲ ಬಂದ." ಇಲ್ಲಿ ಯಮನವ್ವ ಎರಡು ಸಲ ಕೆಮ್ಮಿದಳು. ಅಪ್ಪಾಸಾಬ ಪ್ರತಿ ಸಲ ಕೆಮ್ಮುತ್ತಿದ್ದ ಜಾಗವೇ ಅದು. "ಪಟಕಾ ನಡುವ ಹರೀತು. ಅದು ಗುರಪ್ಪನ ಲಗ್ನದ ಪಟಕಾ. ಅಂವ ಒಂದ ಮಾತ ಅನಲಿಲ್ಲ. ದೇವರು ನನ್ನ ಗುರಪ್ಪನ ಕೈಲೆ ಎತ್ತಿದ, ನಾ ಇನ್ನ ಕುಡಿಯೂದಿಲ್ಲ ಅಂತ ಅಪ್ಪಾಸಾಬ ಹೇಳ್ತಾನ. ಆಮೆನ್."

ನಾಲ್ಕು ನಿಮಿಷ ಆಗಿತ್ತು. ಹಾವು ಎಲ್ಲೂ ಬರಲಿಲ್ಲ.

ಜನ ಆಮೆನ್ ಎಂದರು. ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ, "ಪಾಪ, ಆಯಿಗಿ ವಯಸ್ಸಾತು, ಅದಕ್ಕೊಂದ ಇದಕ್ಕೊಂದ ಹಚ್ಚತಾಳ" ಎಂದಳು. ಅದೇ ಸರಿ ಎಂದು ಎಲ್ಲರೂ ಹಾಡಿನ ಪುಸ್ತಕ ತೆರೆದರು. ಹಾಡಿನ ಪುಸ್ತಕ ತೆರೆಯದವನು ಅಪ್ಪಾಸಾಬ ಒಬ್ಬನೇ.

ಯಮನವ್ವ ಏನನ್ನೂ ಹಚ್ಚಿರಲಿಲ್ಲ. ಇಪ್ಪತ್ತನಾಲ್ಕು ವರ್ಷದ ಹಿಂದೆ ಅಪ್ಪಾಸಾಬ ಮೊಟ್ಟಮೊದಲು ಹೇಳಿದ ಸಾಕ್ಷಿ ಅದೇ. ಅವಳ ಕಿವಿ ಬೇಗ ಹೋದದ್ದರಿಂದ ಆಮೇಲಿನ ತಿದ್ದುಪಡಿಗಳು ಅವಳನ್ನು ಮುಟ್ಟಿರಲಿಲ್ಲ. ಊರಿಗೆಲ್ಲ ಮರೆತುಹೋದದ್ದು ಆ ಕಿವುಡಿಯ ಹತ್ತಿರ ಜೋಪಾನವಾಗಿತ್ತು.

ತಿದ್ದುಪಡಿ ಶುರುವಾದದ್ದು ಹೇಗೆಂದು ಅಪ್ಪಾಸಾಬನಿಗೆ ಕೂತಲ್ಲೇ ನೆನಪಾಗತೊಡಗಿತು. ಕೆಲವು ವರ್ಷ ಕಳೆದ ಮೇಲೆ ಸಾಂಗ್ಲಿ ಕಡೆಯಿಂದ ಬಂದ ಒಬ್ಬ ಉಪದೇಶಕರು, ಆ ಪಟಕಾದ ಇನ್ನೊಂದು ತುದಿಯಲ್ಲಿದ್ದವನು ನಿಜವಾಗಿ ಯಾರು, ಕರ್ತನೇ ಅಲ್ಲವೇ ಎಂದು ಕೇಳಿದ್ದರು. ಮಾತು ಚಂದವಿತ್ತು, ತಪ್ಪೂ ಇರಲಿಲ್ಲ. ಮುಂದಿನ ತಿಂಗಳು ಅಪ್ಪಾಸಾಬ ಗುರಪ್ಪನ ಹೆಸರು ಬಿಟ್ಟು ಕರ್ತನ ಹೆಸರು ಹೇಳಿದ. ಪಟಕಾ ಹಗ್ಗವಾಯಿತು, ಹಗ್ಗ ಕೈಯಾಯಿತು. ಕಥೆಯಲ್ಲಿ ಗುರಪ್ಪನಿಗೆ ಕೆಲಸವಿಲ್ಲದಂತಾಯಿತು. ಅತ್ತ ಕಡೆ, ಇಷ್ಟು ಒಳ್ಳೆಯ ಅಪ್ಪಾಸಾಬನಿಗೆ ಕುಡಿಸಿದ್ದು ಯಾರು ಎಂದು ಜನ ಕೇಳುತ್ತಿದ್ದರು. ಒಬ್ಬ ಕೆಟ್ಟವನ ಜಾಗ ಖಾಲಿ ಇತ್ತು, ಗುರಪ್ಪ ಖಾಲಿ ಕೂತಿದ್ದ. ಅಪ್ಪಾಸಾಬ ಅವನನ್ನು ಅಲ್ಲಿ ಕೂರಿಸಿದ.

ಮನೆಯಲ್ಲಿ ಹೆಂಡತಿ ಇಂದ್ರಾಬಾಯಿ ರೊಟ್ಟಿ ಬಡಿಯುತ್ತ ಕೇಳಿದಳು: "ಆಯಿ ಹೇಳಿದ್ದ ಖರೇನ್ರಿ?"

ಅಪ್ಪಾಸಾಬ ಗಂಟಲು ತೋರಿಸಿದ.

"ದನಿ ಇಲ್ಲ, ಖರೆ. ತಲಿ ಅಲ್ಲಾಡಸಾಕ ಬರ್ತದಲ್ರಿ."

ಅಪ್ಪಾಸಾಬ ಹೌದೆಂದೂ ಆಡಿಸಲಿಲ್ಲ, ಇಲ್ಲವೆಂದೂ ಆಡಿಸಲಿಲ್ಲ. ಇಂದ್ರಾಬಾಯಿ ಅವನ ತಾಟಿಗೆ ರೊಟ್ಟಿ ಹಾಕಿ, ಮತ್ತೇನೂ ಕೇಳದೆ ಒಲೆಯ ಕಡೆ ತಿರುಗಿದಳು. ಅವಳು ಬೈದಿದ್ದರೆ ಅವನಿಗೆ ಊಟ ಸೇರುತ್ತಿತ್ತು.

ಮರುದಿನ ಪಾಸ್ಟರ್ ಅನಿಲ ಶುಂಠಿಯ ಪೊಟ್ಟಣ ಹಿಡಿದು ಬಂದ. ಆ ತಿಂಗಳ ಕೊನೆಯ ಭಾನುವಾರ ಎಂಟು ಊರಿನ ಸಭೆಗಳ ಸಮ್ಮೇಳನ ಸೋನ್ಯಾಳದಲ್ಲೇ ಇತ್ತು. ಊಟ, ಪೆಂಡಾಲು, ನಾಲ್ಕು ಭೋಂಗಾ, ಎಲ್ಲ ಗೊತ್ತುಮಾಡಿಯಾಗಿತ್ತು. ಮುಖ್ಯ ಸಾಕ್ಷಿ ಅಪ್ಪಾಸಾಬನದು.

"ಕಾಕಾ, ಬಸ್‌ಸ್ಟ್ಯಾಂಡಿನಾಗ ಫ್ಲೆಕ್ಸ್ ಹಚ್ಯಾರ, ನೋಡಿದ್ರೇನ್ರಿ?" ಎಂದು ಅನಿಲ ಮೊಬೈಲಿನಲ್ಲಿ ತೋರಿಸಿದ. ಅಪ್ಪಾಸಾಬನ ಮುಖ ಬಂಡಿಯ ಗಾಲಿಯಷ್ಟು ದೊಡ್ಡದಾಗಿತ್ತು. ಕೆಳಗೆ ಕನ್ನಡದಲ್ಲೂ ಮರಾಠಿಯಲ್ಲೂ 'ಅರವತ್ತು ಅಡಿ ಆಳದಿಂದ' ಎಂದು ಬರೆದಿತ್ತು. ಮೂಲೆಯಲ್ಲಿ ಹಾವಿನ ಚಿತ್ರವೂ ಇತ್ತು.

ಅಪ್ಪಾಸಾಬ ಪಿಸುದನಿಯಲ್ಲಿ, "ಯಮನವ್ವ ಹೇಳಿದ್ದು..." ಎಂದ.

"ಅದನ್ನ ಯಾರ ತಲೀಗಿ ಹಚಗೊಂಡಾರ ಬಿಡ್ರಿ" ಎಂದ ಅನಿಲ. ಆಮೇಲೆ, "ಒಂದ ಮಾತ ಹೇಳ್ಲಿರಿ ಕಾಕಾ? ಸಿಟ್ಟಾಗಬ್ಯಾಡ್ರಿ. ನಿಮ್ಮ ಸಾಕ್ಷಿಗೆ ಇಪ್ಪತ್ನಾಕು ವರ್ಷ ಆತು. ಮಗಾ ಆಗಿದ್ರ ಲಗ್ನಕ್ಕ ಬಂದಿರ್ತಿತ್ತು. ಆಮ್ಯಾಲ ದೇವರು ನಿಮ್ಮ ಹಂತೇಕ ಬಂದೇ ಇಲ್ಲೇನ್ರಿ? ಇಲ್ಲಾ ಬಂದಾಗ ನೀವು ಮನ್ಯಾಗ ಇರಲಿಲ್ಲೋ?" ಎಂದ.

ಹುಡುಗನಿಗೆ ಮಾತು ಜಾಸ್ತಿ ಎಂದು ಅಪ್ಪಾಸಾಬ ಮನಸ್ಸಿನಲ್ಲೇ ಬೈದುಕೊಂಡ. ಹಿಂದಿನ ತಿಂಗಳು ಇದೇ ಅನಿಲ ಬಿಸಿಯೂ ಅಲ್ಲದ ತಣ್ಣಗೂ ಅಲ್ಲದ ಭಕ್ತಿಯ ಬಗ್ಗೆ ಒಂದು ಗಂಟೆ ಉಪದೇಶ ಮಾಡಿದ್ದ. ಆಗ ಅಪ್ಪಾಸಾಬ ಕುರ್ಚಿಯಲ್ಲಿ ಕೂತು, ಇದು ಯಾರ್ಯಾರಿಗೆ ತಾಗುತ್ತದೆಂದು ಜಮಖಾನೆಯ ಮೇಲಿನವರನ್ನು ಒಬ್ಬೊಬ್ಬರಾಗಿ ಎಣಿಸಿದ್ದ. ಹದಿನೇಳು ಜನ ಸಿಕ್ಕಿದ್ದರು. ಕುರ್ಚಿಯನ್ನು ಎಣಿಸಿರಲಿಲ್ಲ.

ಅಂದು ಮಧ್ಯಾಹ್ನ ಅವನು ಬಾವಿಯ ಹತ್ತಿರ ಹೋದ. ಇಪ್ಪತ್ತನಾಲ್ಕು ವರ್ಷದಲ್ಲಿ ಆ ಬಾವಿಯ ಬಗ್ಗೆ ಇನ್ನೂರು ಮುನ್ನೂರು ಸಲ ಮಾತಾಡಿದ್ದ, ನೋಡಲು ಮಾತ್ರ ಹೋಗಿರಲಿಲ್ಲ. ಬಾವಿ ಒಣಗಿತ್ತು. ಒಳಗೆ ಜಾಲಿ ಬೆಳೆದಿತ್ತು, ಅದರ ತುದಿ ಮೇಲೆ ನಿಂತವನ ಕೈಗೆ ಸಿಗುವಂತಿತ್ತು. ಅಲ್ಲಿ ಅರವತ್ತು ಅಡಿ ಬೀಳಬೇಕೆಂದರೆ ಐದು ಸಲ ಹತ್ತಿ ಐದು ಸಲ ಬೀಳಬೇಕಾಗುತ್ತಿತ್ತು. ದಂಡೆಯ ಕಲ್ಲಿನ ಮೇಲೆ ಗುರಪ್ಪ ಮಂಡಿಯೂರಿ ಬಾಗಿದ್ದು, ಪಟಕಾ ಇಲ್ಲದ ತಲೆಯ ಮೇಲೆ ಬಿಸಿಲು ಬಿದ್ದಿದ್ದು, 'ಗಟ್ಟಿ ಹಿಡಿಯೋ, ಬಿಡಬ್ಯಾಡ' ಎಂದು ಅವನು ಅಂದದ್ದು ಎಲ್ಲ ಅಪ್ಪಾಸಾಬನಿಗೆ ನೆನಪಾಯಿತು. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಪ್ರಾರ್ಥನೆ ಮಾಡೋಣವೆಂದು ಕಣ್ಣು ಮುಚ್ಚಿದ. ಬಾಯಿಪಾಠವಾದ ಮಾತುಗಳೆಲ್ಲ ಸಾಲಾಗಿ ಬಂದು ನಿಂತವು. ಅವುಗಳಲ್ಲಿ ಒಂದೂ ಈ ಕೆಲಸಕ್ಕೆ ಬರುವಂತಿರಲಿಲ್ಲ. "ಯೇಸಪ್ಪಾ, ನಾ ಕೆಟ್ಟೆ" ಎಂದಷ್ಟೇ ಹೇಳಿ ಕಣ್ಣು ತೆರೆದ.

ಎರಡು ದಿನ ಬಿಟ್ಟು ಜತ್ತಿಗೆ ಹೋಗಿ ಒಂದು ಒಳ್ಳೆಯ ಕೆಂಪು ಪಟಕಾ ಕೊಂಡ. ಅಂಗಡಿಯವನು ಸುತ್ತಿಕೊಟ್ಟ ಕಾಗದದ ಮೇಲೆ ಇನ್ನೊಂದು ಕಾಗದ ಸುತ್ತಿಸಿದ. ಸಂಜೆ ಬಸ್ಸಿಳಿದು, ಚರ್ಚಿನ ಅಂಗಳದಲ್ಲಿ ಯಾರೂ ಇಲ್ಲದ್ದನ್ನು ನೋಡಿಕೊಂಡು, ಇಪ್ಪತ್ತು ಹೆಜ್ಜೆ ನಡೆದು ಗುರಪ್ಪನ ಅಂಗಳಕ್ಕೆ ಬಂದ. ಕಾಗದದ ಪೊಟ್ಟಣ ಬಗಲಲ್ಲಿತ್ತು.

ಗುರಪ್ಪ ಕುರಿಮರಿಗಳನ್ನು ದೊಡ್ಡಿಗೆ ಬಿಡುತ್ತಿದ್ದ. ಅಪ್ಪಾಸಾಬನನ್ನು ನೋಡಿ ಅವನ ಮುಖ ಅರಳಲೂ ಇಲ್ಲ, ಗಂಟಿಕ್ಕಲೂ ಇಲ್ಲ.

"ದನಿ ಬಂತೇನ?" ಎಂದ.

"ಬಂತು."

"ಕುಂದ್ರು. ಚನ್ನವ್ವಾ, ಚಾ ಇಡ. ಭೋಂಗಾದಾಂವ ಬಂದಾನ."

ಗುರಪ್ಪನ ಹೆಂಡತಿ ಚನ್ನವ್ವ ಬಾಗಿಲಿಗೆ ಬಂದು ನೋಡಿ, "ಬರ್ರಿ ಅಣ್ಣಾರ. ದಾರಿ ಗೊತ್ತಿತ್ತೇನ್ರಿ?" ಎಂದಳು. ಅದು ಬರೀ ಉಪಚಾರದ ಮಾತೋ ಅಲ್ಲವೋ ಅಪ್ಪಾಸಾಬನಿಗೆ ತಿಳಿಯಲಿಲ್ಲ. ಅವಳು ಒಳಗೆ ಹೋದ ಮೇಲೆ ಅವನು ಪೊಟ್ಟಣ ಬಿಚ್ಚಿ ಪಟಕಾವನ್ನು ಹೊರಸಿನ ಮೇಲಿಟ್ಟ.

ಗುರಪ್ಪ ಅದನ್ನು ಮುಟ್ಟಿ ನೋಡಿದ. "ಅರಿವಿ ಚಲೋ ಐತಿ" ಎಂದ. ಆಮೇಲೆ ತಲೆಯ ಮೇಲಿನ ಬಿಳಿ ಟೋಪಿ ತೋರಿಸಿ, "ನಾ ಪಟಕಾ ಬಿಟ್ಟ ಭಾಳ ವರ್ಷ ಆತು" ಎಂದ.

"ಗುರಪ್ಪಾ, ತಪ್ಪಾತೋ. ನೀ ಎತ್ತಿದ್ದಿ, ನಾ ನಿನ್ನ ಹೆಸರ ಕೆಡಸಿದೆ. ಮನಸಿನ್ಯಾಗ ಇಟಗೋಬ್ಯಾಡ."

ಗುರಪ್ಪ ಹೋಗಿ ದೊಡ್ಡಿಯ ಬಾಗಿಲು ಕಟ್ಟಿದ. ಚಹಾ ಬಂತು. ಇಬ್ಬರೂ ಕುಡಿದರು. ಬಟ್ಟಲು ಕೆಳಗಿಟ್ಟು ಗುರಪ್ಪ ಹವಾಮಾನ ಹೇಳುವವನಂತೆ ಹೇಳಿದ:

"ನಮ್ಮ ಮಂಗಲನ್ನ ನೋಡಾಕ ಮುಚ್ಚಂಡಿಯಿಂದ ಮಂದಿ ಬಂದಿದ್ರು. ಆರು ವರ್ಷ ಆತು. ಉಪ್ಪಿಟ್ಟ ತಿನ್ನಾಕ ಕುಂತಿದ್ರು. ಅದು ನಿಂದು ತಿಂಗಳ ಮೊದಲನೇ ಐತವಾರ. ನನಗ ಲಕ್ಷ್ಯ ಇರಲಿಲ್ಲ. ಇದ್ದಿದ್ರ ಶನಿವಾರ ಬರ್ರಿ ಅಂತಿದ್ದೆ. ನೀ ಚಾಲೂ ಮಾಡಿದಿ. ಕುರಿ ಕಾಯೋ ಗುರಪ್ಪ ನನಗ ಸೆರೆ ಕುಡಿಸಿದ, ನನ್ನ ಸಂಸಾರ ಹಾಳು ಮಾಡಿದ ಅಂದಿ. ಹುಡುಗನ ಅಪ್ಪ ನನ್ನ ಮಾರಿ ನೋಡಿದ. ಉಪ್ಪಿಟ್ಟ ಅರ್ಧಾ ಬಿಟ್ಟು ಎದ್ದ ಹ್ವಾದ್ರು."

ಅಪ್ಪಾಸಾಬನಿಗೆ ಇದು ಗೊತ್ತಿರಲಿಲ್ಲ. ಇಪ್ಪತ್ತು ಹೆಜ್ಜೆ ದೂರದಲ್ಲಿ ಆದದ್ದು.

"ಆಮ್ಯಾಲ?" ಎಂದ.

"ಆಮ್ಯಾಲೇನ? ಎರಡ ವರ್ಷ ತಡಾ ಆತು. ಬೆಳುಂಕಿಗೆ ಕೊಟ್ಟೀವಿ. ಚಲೋ ಅದಾಳ." ಗುರಪ್ಪ ಪಟಕಾವನ್ನು ಮಡಿಕೆಯಲ್ಲೇ ಎತ್ತಿ ಅಪ್ಪಾಸಾಬನ ತೊಡೆಯ ಮೇಲಿಟ್ಟ. "ಹೆಸರ ಕೆಡಸಿದ್ದು ಭೋಂಗಾದಾಗ. ಪಟಕಾ ತಂದಿದ್ದು ಎರಡ ಕಾಗದದಾಗ ಸುತ್ತಿ, ಹೊತ್ತ ಮುಣಗೂದ ನೋಡಿ. ಇದ್ಯಾವ ಹಿಸಾಬೋ ಅಪ್ಪಾಸಾಬ?"

ಅವನು ಸಿಟ್ಟಿನಿಂದ ಹೇಳಲಿಲ್ಲ. ಹೇಳಿದ್ದರೆ ಅಪ್ಪಾಸಾಬ ತಾನೂ ಸಿಟ್ಟಾಗಿ ಎದ್ದು ಬರಬಹುದಿತ್ತು. ಪಟಕಾವನ್ನು ಬಗಲಲ್ಲಿಟ್ಟುಕೊಂಡು ಮನೆಗೆ ಬಂದ. ಕಾಗದವನ್ನು ಅಲ್ಲೇ ಮರೆತಿದ್ದ. ಕೆಂಪು ಅರಿವೆ ಓಣಿಗೆಲ್ಲ ಕಂಡಿತು.

ಇಂದ್ರಾಬಾಯಿಗೆ ಎಲ್ಲ ಹೇಳಿದ. ಅವಳು ಕೇಳಿ ಮುಗಿಸಿ, "ಮಂಗಲನ ಸುದ್ದಿ ನನಗ ಗೊತ್ತಿತ್ತರಿ. ಆ ಉಪ್ಪಿಟ್ಟ ನಾನ ಮಾಡಿ ಕೊಟ್ಟಿದ್ದೆ. ಚನ್ನವ್ವಗ ಅವತ್ತ ಕೈ ಸುಟ್ಟಿತ್ತು" ಎಂದಳು.

"ಮತ್ತ ನನಗ ಯಾಕ ಹೇಳಲಿಲ್ಲ?"

"ನೀವು ಸಾಕ್ಷಿ ಹೇಳಾಕ ಹೋಗಿದ್ರಿ. ಬಂದ ಮ್ಯಾಲ ದಣಿದಿದ್ರಿ. ಮುಂದಿನ ತಿಂಗಳ ಮತ್ತ ಹೇಳೂದಿತ್ತು. ನಿಮಗ ಹೇಳೂದಷ್ಟ ಗೊತ್ತು, ಕೇಳೂದ ಯಾವಾಗ ಮಾಡ್ತೀರಿ?"

ಸಮ್ಮೇಳನ ಬರುವವರೆಗೆ ಅಪ್ಪಾಸಾಬನಿಗೆ ನೆಮ್ಮದಿ ಇರಲಿಲ್ಲ. ಹಾಗೆ ನೋಡಿದರೆ ಇಪ್ಪತ್ತನಾಲ್ಕು ವರ್ಷದಿಂದ ಅವನಿಗೆ ನೆಮ್ಮದಿ ಒಂದನ್ನು ಬಿಟ್ಟು ಬೇರೇನೂ ಇರಲಿಲ್ಲ. ಬಸ್‌ಸ್ಟ್ಯಾಂಡಿನ ಫ್ಲೆಕ್ಸಿನಲ್ಲಿ ಅವನ ಮುಖ ದಿನಾ ಎಲ್ಲ ಬಸ್ಸುಗಳಿಗೂ ಕೈಮುಗಿಯುತ್ತಿತ್ತು. ಹಳೆಯ ಸಾಕ್ಷಿ ಹೇಳಿದರೆ ಎಂಟು ಊರಿನವರು ಕಣ್ಣೊರೆಸಿಕೊಂಡು ಹೊಗಳಿ ಊಟ ಮಾಡಿ ಹೋಗುತ್ತಾರೆ, ಗುರಪ್ಪ ಇನ್ನೊಂದು ಸಲ ಕೆಟ್ಟವನಾಗುತ್ತಾನೆ, ಈ ಬಾರಿ ನಾಲ್ಕು ಭೋಂಗಾದಲ್ಲಿ. ನಿಜ ಹೇಳಿದರೆ ಅಪ್ಪಾಸಾಬನ ಹತ್ತಿರ ಇದ್ದ ಒಂದೇ ಒಂದು ಆಸ್ತಿ ಹೋಗುತ್ತದೆ. ಹಿರಿತನ ಹೋಗುತ್ತದೆ, ಕುರ್ಚಿ ಹೋಗುತ್ತದೆ. ನಡುವಿನ ದಾರಿ ಏನಾದರೂ ಇದೆಯೇ ಎಂದು ಭಾಳ ಹುಡುಕಿದ. ಗಂಟಲು ಮತ್ತೆ ಕಟ್ಟಲಿ ಎಂದು ಹೊಲಕ್ಕೆ ಹೋಗಿ ಎರಡು ದಿನ ಕೂಗಿದ. ಹಕ್ಕಿಗಳೆಲ್ಲ ಓಡಿಹೋದವು, ದನಿ ಇನ್ನಷ್ಟು ಗಟ್ಟಿಯಾಯಿತು.

ಸಮ್ಮೇಳನದ ದಿನ ಚರ್ಚಿನ ಅಂಗಳದ ಪೆಂಡಾಲು ತುಂಬಿತ್ತು. ಸಾರಿನ ವಾಸನೆ ಬರುತ್ತಿತ್ತು. ಅನಿಲ ಅಪ್ಪಾಸಾಬನ ಹೆಸರು ಕರೆದಾಗ ಚಪ್ಪಾಳೆ ಬಿತ್ತು. ಅವನು ಎದ್ದು ಹೋದ. ಅವನ ಬಗಲಲ್ಲಿ ಕೆಂಪು ಪಟಕಾ ಇತ್ತು. ಅದು ಯಾತಕ್ಕೆಂದು ಯಾರಿಗೂ ತಿಳಿಯಲಿಲ್ಲ, ಬಹುಶಃ ಹಾವಿನ ಪಾತ್ರಕ್ಕಿರಬೇಕು ಎಂದುಕೊಂಡರು.

ಮೈಕು ಹಿಡಿದಾಗ ಅಭ್ಯಾಸದ ಬಾಯಿ ತಾನಾಗಿಯೇ ಹೊರಟಿತು. "ಪ್ರಿಯ ಬಂಧುಗಳೇ, ಅರವತ್ತು ಅಡಿ ಆಳದ ಬಾವಿ..." ಮುಂದಿನ ಸಾಲು ನಾಲಗೆಯ ತುದಿಗೆ ಬಂದು ಕೂತಿತ್ತು. ಹೆಂಗಸರು ಸೆರಗು ಕೈಗೆ ತೆಗೆದುಕೊಂಡಿದ್ದರು. ಎದುರಿನ ಸಾಲಿನಲ್ಲಿ ಯಮನವ್ವ ಏನೂ ಕೇಳಿಸದೆ ಅವನನ್ನೇ ನೋಡುತ್ತಿದ್ದಳು. ಅವಳ ತುಟಿ ಅಲ್ಲಾಡುತ್ತಿತ್ತು. ಅವಳು ತನ್ನ ಪಾಡಿಗೆ ಮೊದಲಿನ ಸಾಕ್ಷಿಯನ್ನು ಹೇಳಿಕೊಳ್ಳುತ್ತಿದ್ದಳು.

ಅಪ್ಪಾಸಾಬ ನಿಂತುಬಿಟ್ಟ. ಎಷ್ಟು ಹೊತ್ತು ನಿಂತನೆಂದರೆ ಮೈಕು ಕೆಟ್ಟಿತೆಂದು ಪೆಂಡಾಲಿನವನು ಬಂದು ಅದನ್ನು ತಟ್ಟಿ ನೋಡಿ ಹೋದ.

"ಬಾವಿ ಅರವತ್ತು ಅಡಿ ಇಲ್ರಿ" ಎಂದ ಅಪ್ಪಾಸಾಬ. "ಎರಡಾಳು. ಹಾವು ಇರಲಿಲ್ಲ. ಅದನ್ನ ನಾ ತಂದು ಬಿಟ್ಟೆ. ಗುರಪ್ಪ ನನಗ ಕುಡಸಲಿಲ್ಲ. ನಾನ ಅವಗ ಕುಡಸಾಕ ಹೋಗಿದ್ದೆ, ಅಂವ ಒಲ್ಲೆ ಅಂದ. ನಾ ಬಿದ್ದಾಗ ತನ್ನ ಲಗ್ನದ ಪಟಕಾ ಬಿಚ್ಚಿ ನನ್ನ ಎತ್ತಿದ. ದೇವರು ಎತ್ತಿದ್ದು ಖರೆ. ಆದ್ರ ದೇವರು ಎತ್ತಿದ್ದು ಗುರಪ್ಪನ ಕೈಲೆ. ನಾ ದೇವರ ಹೆಸರ ಹೇಳಿ ಆ ಕೈ ಕಡದ ಹಾಕಿದೆ. ಅವನ ಮಗಳ ಲಗ್ನ ಎರಡ ವರ್ಷ ನನ್ನ ಬಾಯಿಂದ ತಡಾ ಆತು. ಇಪ್ಪತ್ತು ಹೆಜ್ಜಿ ಮ್ಯಾಲ ಅವನ ಮನಿ ಐತಿ. ಇಷ್ಟ ವರ್ಷ ನಾ ಒಮ್ಮಿ ಹೋಗಲಿಲ್ಲ. ದೇವರ ಕೆಲಸ ಮುಗೀತು ಅಂತ ಕುರ್ಚಿ ಮ್ಯಾಲ ಕುಂತೆ. ಮುಗದಿರಲಿಲ್ಲ." ಅವನು ಉಸಿರು ತೆಗೆದುಕೊಂಡ. "ನೀರು ಟೊಂಕದ ಮಟ ಇತ್ತು. ಅಷ್ಟ ಖರೆ."

ಯಾರೂ ಆಮೆನ್ ಎನ್ನಲಿಲ್ಲ. ಈ ಸಾಕ್ಷಿಯಲ್ಲಿ ಆಮೆನ್ ಎಲ್ಲಿ ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಆ ಮೌನದಲ್ಲಿ ಇಪ್ಪತ್ತು ಹೆಜ್ಜೆ ಆಚೆಯ ಅಂಗಳದ ಗೋಡೆಯ ಮೇಲಿನಿಂದ, ಕುರಿಗಳನ್ನು ಕೂಗಿ ಕೂಗಿ ಗಟ್ಟಿಯಾದ ಒಂದು ದನಿ ಕೇಳಿತು.

"ಮೊಣಕಾಲ ಮಟ!"

ಎಂಟು ಊರಿನವರು ಗೋಡೆಯ ಕಡೆ ತಿರುಗಿದರು. ಅಪ್ಪಾಸಾಬನೂ ತಿರುಗಿದ. ಸ್ವಲ್ಪ ಯೋಚಿಸಿದ. ಬೇಸಿಗೆ. ಆ ಬಾವಿ. ಗುರಪ್ಪ ಹೇಳಿದ್ದೇ ಸರಿ.

"ಮೊಣಕಾಲ ಮಟ ಇತ್ತು" ಎಂದು ಮೈಕಿನಲ್ಲಿ ತಿದ್ದಿದ.

"ಆಮೆನ್" ಎಂದಳು ಯಮನವ್ವ. ಅವಳು ತನ್ನದನ್ನು ಆಗಷ್ಟೇ ಮುಗಿಸಿದ್ದಳು.

ಅಪ್ಪಾಸಾಬ ಮೈಕು ಕೆಳಗಿಟ್ಟ. ಕುರ್ಚಿಯ ಕಡೆ ಹೋಗಲಿಲ್ಲ. ಜನರ ನಡುವೆ ದಾರಿ ಮಾಡಿಕೊಂಡು, ಪಟಕಾವನ್ನು ಎಲ್ಲರಿಗೂ ಕಾಣುವಂತೆ ಎರಡು ಕೈಯಲ್ಲಿ ಹಿಡಿದುಕೊಂಡು, ಪೆಂಡಾಲಿನಿಂದ ಹೊರಬಿದ್ದ. ಇಪ್ಪತ್ತು ಹೆಜ್ಜೆ ಆ ದಿನ ಭಾಳ ಉದ್ದವಿತ್ತು. ಎಂಟು ಊರಿನವರು ನೋಡುತ್ತಿದ್ದರು.

ಗುರಪ್ಪ ಗೋಡೆಯಿಂದಿಳಿದು ಅಂಗಳದಲ್ಲಿ ನಿಂತಿದ್ದ. ಅಪ್ಪಾಸಾಬ ಪಟಕಾ ಮುಂದೆ ಚಾಚಿದ. ಕಣ್ಣಿನಿಂದ ನೀರು ಹೋಗುತ್ತಿತ್ತು, ಅದನ್ನು ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಗುರಪ್ಪ ಪಟಕಾ ತೆಗೆದುಕೊಂಡ. ಮಡಿಕೆ ಬಿಚ್ಚಿದ. ತಲೆಯ ಮೇಲಿನ ಬಿಳಿ ಟೋಪಿ ತೆಗೆದು ಚನ್ನವ್ವನ ಕೈಗೆ ಕೊಟ್ಟ. ಅಷ್ಟುದ್ದದ ಅರಿವೆಯನ್ನು ಒಬ್ಬನೇ ಸುತ್ತಿಕೊಳ್ಳಲು ಬರುವುದಿಲ್ಲ, ಆಚೆ ತುದಿ ಹಿಡಿಯಲು ಒಬ್ಬರು ಬೇಕು. ಗುರಪ್ಪ ಒಂದು ತುದಿಯನ್ನು ತನ್ನ ತಲೆಗಿಟ್ಟುಕೊಂಡು ಇನ್ನೊಂದು ತುದಿಯನ್ನು ಅಪ್ಪಾಸಾಬನ ಕೈಗೆ ಕೊಟ್ಟ.

"ಗಟ್ಟಿ ಹಿಡಿ" ಎಂದ. "ಈ ಸಲ ಜಗ್ಗಬ್ಯಾಡ."

ಅಪ್ಪಾಸಾಬ ಹಿಡಿದುಕೊಂಡು ನಿಂತ.